ಶ್ರೀನಿವಾಸಯ್ಯನವರು ಮಾಡಿದ ಕೆಲಸ



ಉದ್ಯೋಗಸ್ಥ ಹೆಣ್ಣುಮಕ್ಕಳ ಬಗ್ಗೆ ಮಾತಾಡಬೇಕು ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಒಂದು ಷರತ್ತು ಹಾಕಿದೆ. ಹೆಣ್ಣುಮಕ್ಕಳು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳುವವರು ಮನೆಯಲ್ಲಿದ್ದಾರೆ, ಬೀದಿಯಲ್ಲಿದ್ದಾರೆ, ಮೊಬೈಲಿನಲ್ಲಿದ್ದಾರೆ. ಇಪ್ಪತ್ತು, ಮೂವತ್ತು ವರ್ಷ ಸರ್ವಿಸ್ ಮಾಡಿ ಕುರ್ಚಿ ಗಟ್ಟಿ ಮಾಡಿಕೊಂಡವರು ಏನು ಮಾಡಬೇಕು ಎಂಬುದಷ್ಟೇ ಇಂದಿನ ವಿಷಯ. ಸಭೆಯಲ್ಲಿ ಅಂಥವರೇ ಹೆಚ್ಚು ಕಾಣುತ್ತಿದ್ದೀರಿ, ಒಳ್ಳೆಯದಾಯಿತು.

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಶುರುಮಾಡೋಣ. 1933ರಲ್ಲಿ ಸರ್ ಸಿ.ವಿ. ರಾಮನ್ ಅದರ ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ. ಅದೇ ವರ್ಷ ಕಮಲಾ ಭಾಗವತ್ ಎಂಬ ಯುವತಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು, ಸಂಶೋಧನೆಗೆಂದು ಇಲ್ಲಿಗೆ ಅರ್ಜಿ ಹಾಕಿದರು. ಮುಂದೆ ಅವರು ಕಮಲಾ ಸೊಹೋನಿ ಎಂದು ಹೆಸರಾದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಮಗಳಿಗೆ ಮಾತ್ರ ಸೀಟು ಇಲ್ಲ ಎಂಬ ಉತ್ತರ ಬಂತು. ಕಾರಣ, ಹೆಣ್ಣು. ಆಕೆ ರೈಲು ಹತ್ತಿ ಬೆಂಗಳೂರಿಗೆ ಬಂದು ರಾಮನ್ ಅವರನ್ನೇ ಕಂಡು, ಕಾರಣ ಕೇಳಿ, ಒಪ್ಪದಿದ್ದಾಗ ಸತ್ಯಾಗ್ರಹ ಮಾಡಿದರು. ಕೊನೆಗೆ ರಾಮನ್ ಷರತ್ತಿನ ಮೇಲೆ ಒಪ್ಪಿದರು. ಮೊದಲ ವರ್ಷ ಪರೀಕ್ಷಾರ್ಥ, ಅಂದರೆ ಪ್ರೊಬೇಷನ್. ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಗಂಡಸರ ಗಮನ ಚಂಚಲವಾದರೆ ಅದರ ಹೊಣೆಯೂ ಆಕೆಯದೇ ಎಂಬುದು ಈ ಕೊನೆಯ ಷರತ್ತಿನ ಅರ್ಥ.

ಮಹಿಳಾ ದಿನದ ಭಾಷಣಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಬಾಗಿಲು ತಟ್ಟಿದಳು, ಬಾಗಿಲು ತೆರೆಯಿತು, ಚಪ್ಪಾಳೆ. ನನಗೆ ಕುತೂಹಲ ಇರುವುದು ಮಾರನೆಯ ದಿನದ ಬಗ್ಗೆ. ಒಳಗೆ ಬಂದಳು ಸರಿ, ಅವಳಿಗೆ ಕೆಲಸ ಕಲಿಸಿದವರು ಯಾರು? ನೊಬೆಲ್ ಪಡೆದ ನಿರ್ದೇಶಕರಂತೂ ಅಲ್ಲ.

ಕಲಿಸಿದವರು ಎಂ. ಶ್ರೀನಿವಾಸಯ್ಯ. ಜೀವರಸಾಯನ ವಿಭಾಗದಲ್ಲಿ ಮೇಷ್ಟ್ರಾಗಿದ್ದವರು. ಅವರ ಹೆಸರಿನ ರಸ್ತೆಯನ್ನು ನಾನು ನೋಡಿಲ್ಲ. ಕಮಲಾ ಅವರ ಜೀವನ ಬರೆದವರೆಲ್ಲ ಈ ಮೇಷ್ಟ್ರ ಬಗ್ಗೆ ಹೇಳುವ ಮೊದಲ ಮಾತು, ತುಂಬಾ ಕಟ್ಟುನಿಟ್ಟು ಎಂದು. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನಿನ ಮೇಲೆ ಅವರು ಈ ಹುಡುಗಿಗೆ ಕೆಲಸ ಕೊಟ್ಟರು. ವಿಷಯ ನೋಡಿ: ನಮ್ಮ ಬಡವರ ತಟ್ಟೆಯಲ್ಲಿ ಪುಷ್ಟಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅದು. ಸುಮ್ಮನೆ ಕೂರಿಸಲು ಕೊಟ್ಟ ಕೆಲಸವಲ್ಲ. ಹೊಸ ಸಂಶೋಧನಾ ಪತ್ರಿಕೆಗಳನ್ನು ಓದಿಸಿದರು, ಅದೇ ವಿಷಯದಲ್ಲಿ ದುಡಿಯುತ್ತಿದ್ದ ಹೊರಗಿನ ವಿಜ್ಞಾನಿಗಳಿಗೆ ಕಾಗದ ಬರೆಯಲು ಹುರಿದುಂಬಿಸಿದರು. ವರ್ಷ ಮುಗಿಯುವ ಹೊತ್ತಿಗೆ ಷರತ್ತು ಹಾಕಿದ ರಾಮನ್ ಅವರೇ ತೃಪ್ತರಾಗಿ ಆಕೆಯನ್ನು ಪೂರ್ಣ ವಿದ್ಯಾರ್ಥಿಯಾಗಿ ಒಪ್ಪಿಕೊಂಡರು; ಆಮೇಲೆ ಸಂಸ್ಥೆ ಬೇರೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. 1936ರಲ್ಲಿ ಎಂ.ಎಸ್ಸಿ. ಮುಗಿಯಿತು. ಅಲ್ಲಿಂದ ಕೇಂಬ್ರಿಜ್. ಅಲ್ಲಿ ಸಸ್ಯಕೋಶಗಳಲ್ಲೂ ಸೈಟೋಕ್ರೋಮ್-ಸಿ ಇದೆಯೆಂದು ತೋರಿಸಿ, ನಲವತ್ತು ಪುಟ ಮುಟ್ಟುವಷ್ಟು ಪುಟ್ಟ ಪ್ರಬಂಧದ ಮೇಲೆ 1939ರಲ್ಲಿ ಪಿಎಚ್.ಡಿ. ಪಡೆದರು. ನಮ್ಮ ಈಗಿನ ಪ್ರಬಂಧಗಳ ತೂಕ ನೋಡಿದವರಿಗೆ ಆ ನಲವತ್ತು ಪುಟದ ಬೆಲೆ ತಿಳಿಯುತ್ತದೆ.

ಶ್ರೀನಿವಾಸಯ್ಯನವರ ಕಟ್ಟುನಿಟ್ಟಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ಕಚೇರಿಗಳಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಅಪಾಯ ಒರಟುತನದಿಂದ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಒರಟುತನಕ್ಕೆ ದೂರು ಕೊಡಬಹುದು. ಮಮಕಾರಕ್ಕೆ ದೂರು ಕೊಡುವುದು ಹೇಗೆ? ‘ಪಾಪ, ಹೆಣ್ಣುಮಗಳು, ಸೈಟಿಗೆ ಬೇಡ.’ ‘ಮಗು ಚಿಕ್ಕದು, ಈ ಪ್ರಾಜೆಕ್ಟ್ ಅವಳಿಗೆ ಹೊರೆ.’ ‘ಅವಳ ರಿಪೋರ್ಟು ನಾನೇ ತಿದ್ದಿಬಿಟ್ಟೆ, ಯಾಕೆ ನೋಯಿಸುವುದು.’ ಹೀಗೆ ಹೇಳುವವರು ಕೆಟ್ಟವರಲ್ಲ. ಆದರೆ ಅವರ ಒಳ್ಳೆಯತನ ಹತ್ತು ವರ್ಷ ಸಾಗಿದರೆ ಆ ಹೆಣ್ಣುಮಗಳ ಕೈಯಲ್ಲಿ ಸೈಟಿನ ಅನುಭವ ಇರುವುದಿಲ್ಲ, ದೊಡ್ಡ ಪ್ರಾಜೆಕ್ಟಿನ ಹೆಸರು ಇರುವುದಿಲ್ಲ, ತನ್ನ ಬರವಣಿಗೆಯಲ್ಲಿ ಏನು ತಪ್ಪು ಎಂಬ ಅರಿವೂ ಇರುವುದಿಲ್ಲ. ಆಮೇಲೆ ಬಡ್ತಿ ಸಮಿತಿಯಲ್ಲಿ ಅದೇ ಒಳ್ಳೆಯವರು ಕೂತು, ‘ಅನುಭವ ಸಾಲದು’ ಎಂದು ಬರೆಯುತ್ತಾರೆ. ಶ್ರೀನಿವಾಸಯ್ಯನವರು ಮಾಡದೇ ಇದ್ದದ್ದು ಇದನ್ನೇ. ಗಂಡು ವಿದ್ಯಾರ್ಥಿಯಿಂದ ಏನು ಕೇಳುತ್ತಿದ್ದರೋ ಅದನ್ನೇ, ಅಷ್ಟೇ ನಿಷ್ಠುರವಾಗಿ ಕೇಳಿದರು. ಅದು ಗೌರವ.

ಎರಡನೆಯ ಕಥೆಯೂ ಅದೇ ಆವರಣದ್ದು. ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದಿದ ಅನ್ನಾ ಮಣಿ 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ವಜ್ರ, ಮಾಣಿಕ್ಯಗಳ ರೋಹಿತ ಅವರ ವಿಷಯ. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ಒಂದೊಂದು ಫೋಟೋ ಫಲಕಕ್ಕೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಕೊಡಬೇಕಿತ್ತು, ಎಷ್ಟೋ ರಾತ್ರಿ ಅಲ್ಲೇ ಮಲಗಿದರು. ಒಬ್ಬರೇ ಲೇಖಕರಾಗಿ ಐದು ಸಂಶೋಧನಾ ಲೇಖನ ಪ್ರಕಟಿಸಿದರು. 1945ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರೆ, ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಕೊನೆಯವರೆಗೂ ಅವರು ಬರೀ ಮಿಸ್ ಮಣಿ. ಆ ಬಗ್ಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲವಂತೆ. ನಾನು ಅವರ ಜಾಗದಲ್ಲಿದ್ದಿದ್ದರೆ ಕೆಡಿಸಿಕೊಳ್ಳುತ್ತಿದ್ದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಡಿಗ್ರಿಗಿಂತ ಸೂಕ್ಷ್ಮವಾದದ್ದು. ರಾಮನ್ ಅವರ ಪ್ರಯೋಗಾಲಯದ ಸಾಮಾಜಿಕ ಇತಿಹಾಸ ಬರೆದ ಆಭಾ ಸುರ್ ಹೇಳುವ ಪ್ರಕಾರ, ಅಲ್ಲಿ ಗಂಡು ಹೆಣ್ಣು ಬೆರೆತು ಮಾತಾಡುವುದು ರಾಮನ್ ಅವರಿಗೆ ಸರಿಬರುತ್ತಿರಲಿಲ್ಲ. ಅನ್ನಾ ಮಣಿ ಮತ್ತು ಅದೇ ಕಾಲದ ಸುನಂದಾ ಬಾಯಿ ಬಹುಪಾಲು ಒಂಟಿಯಾಗಿ ಕೆಲಸ ಮಾಡಿದರು. ಜೊತೆಯ ವಿದ್ಯಾರ್ಥಿಗಳ ನಡುವೆ ನಡೆಯುವ ಹರಟೆ, ವಾದ, ಚರ್ಚೆಗಳಿಗೆ ಅವರು ಹೊರಗು. ಕೊಠಡಿ ಕೊಟ್ಟಿದ್ದರು, ಸ್ಪೆಕ್ಟ್ರೋಗ್ರಾಫ್ ಕೊಟ್ಟಿದ್ದರು, ವಜ್ರಗಳನ್ನೂ ಕೊಟ್ಟಿದ್ದರು. ಮಾತು ಮಾತ್ರ ಕೊಟ್ಟಿರಲಿಲ್ಲ.

ಯಾವುದೇ ಕಸುಬಿನ ಅರ್ಧ ವಿದ್ಯೆ ಇಂಥ ಮಾತಿನಲ್ಲೇ ಇದೆ. ಯಾವ ಪ್ರಶ್ನೆ ಈಗ ಬಿಸಿಯಾಗಿದೆ, ಯಾವ ಪತ್ರಿಕೆಗೆ ಕಳಿಸಿದರೆ ಬೇಗ ಬರುತ್ತದೆ, ಯಾವ ಗುತ್ತಿಗೆದಾರನ ಸಿಮೆಂಟು ನಂಬಬಾರದು, ಯಾವ ಸಾಹೇಬರ ಟೇಬಲ್ಲಿಗೆ ಫೈಲು ಊಟದ ಮುಂಚೆ ಹೋಗಬೇಕು, ಯಾವ ನ್ಯಾಯಾಧೀಶರ ಮುಂದೆ ವಾದ ಚುಟುಕಾಗಿರಬೇಕು. ಇವು ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ. ಟೀ ಅಂಗಡಿಯ ಮುಂದೆ, ಸಿಗರೇಟಿನ ಹೊಗೆಯಲ್ಲಿ, ಪಾರ್ಕಿಂಗ್ ಜಾಗದಲ್ಲಿ, ಟೂರಿಗೆ ಹೋದಾಗ ರಾತ್ರಿ ಊಟದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಆರು ಗಂಟೆಗೆ ಕಂಪನಿ ಬಸ್ ಹಿಡಿಯುವವಳಿಗೆ ಇವು ದಾಟುವುದಿಲ್ಲ. ಅವಳನ್ನು ಯಾರೂ ಹೊರಗೆ ಹಾಕಿಲ್ಲ, ಒಳಗೆ ಕರೆದೂ ಇಲ್ಲ. ಹಿರಿಯರು ಮುತುವರ್ಜಿಯಿಂದ ಕಲಿಸಬೇಕು ಎಂಬ ನನ್ನ ವಾದಕ್ಕೆ ಇದೇ ತಳಪಾಯ. ಗಂಡುಮಕ್ಕಳಿಗೆ ಮೆಂಟರ್ ಬೇಡವೆ ಎಂದು ಕೇಳುತ್ತಾರೆ. ಬೇಕು. ಅವರಿಗೆ ಸಿಕ್ಕಿರುತ್ತಾನೆ, ಅದಕ್ಕೆ ಆ ಹೆಸರಿಟ್ಟಿರುವುದಿಲ್ಲ ಅಷ್ಟೆ.

ಅನ್ನಾ ಮಣಿ ಅವರ ಕಥೆ ಅಲ್ಲಿಗೆ ಮುಗಿದಿದ್ದರೆ ಅವರು ಯಾರೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಮುಂದುವರಿಯಬೇಕೆಂದು ಇಂಗ್ಲೆಂಡಿಗೆ ಹೋದವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿಯ ವಿದ್ಯಾರ್ಥಿವೇತನ. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಅಲ್ಲಿ ಉಪಕರಣ ವಿಭಾಗದ ಮುಖ್ಯಸ್ಥರು ಎಸ್.ಪಿ. ವೆಂಕಟೇಶ್ವರನ್. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ದೇಶ ಥರ್ಮಾಮೀಟರು, ಬ್ಯಾರೋಮೀಟರಿನಂಥ ಸರಳ ಸಾಧನಗಳನ್ನೂ ಹೊರಗಿನಿಂದ ತರಿಸುತ್ತಿತ್ತು. ಎಲ್ಲವನ್ನೂ ಇಲ್ಲೇ ಮಾಡಬೇಕು ಎಂಬ ಹಟ ವೆಂಕಟೇಶ್ವರನ್ ಅವರದು; ಅದಕ್ಕೊಂದು ವರ್ಕ್‌ಶಾಪನ್ನೂ ಕಟ್ಟಿದ್ದರು. ಆ ಹಟದೊಳಕ್ಕೆ ಅವರು ಮಣಿಯವರನ್ನು ಎಳೆದುಕೊಂಡರು. ಲೇತು, ಎರಕ, ಡ್ರಾಯಿಂಗ್, ಅಳತೆಯ ಪರಿಶೀಲನೆ, ಎಲ್ಲದರ ಒಳಹೊರಗೂ ಅವರಿಗೆ ತೆರೆದಿತ್ತು. ಸುಮಾರು ನೂರು ಹವಾಮಾನ ಉಪಕರಣಗಳ ನಕ್ಷೆಗಳನ್ನು ಮಣಿ ಪ್ರಮಾಣೀಕರಿಸಿದರು. 1953ರಲ್ಲಿ ಆ ವಿಭಾಗವೇ ಅವರ ಕೈಗೆ ಬಂತು. ಕೈಕೆಳಗೆ 121 ಗಂಡಸರು.

ಆ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ. ನನ್ನ ಕಣ್ಣು ಹೋಗುವುದು ಅದರ ಹಿಂದಿನ ಐದು ವರ್ಷಗಳ ಮೇಲೆ. ಐದು ವರ್ಷ ಒಬ್ಬ ಮುಖ್ಯಸ್ಥರು ತಮ್ಮ ನಂತರದವರನ್ನು ತಯಾರು ಮಾಡದೇ ಇದ್ದಿದ್ದರೆ, 121 ಜನ ಆಕೆಯ ಮಾತು ಕೇಳುವ ಪ್ರಶ್ನೆಯೇ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ದುಡಿದವಳಾಗಿ ಹೇಳುತ್ತೇನೆ, ಶಾಪ್ ಫ್ಲೋರ್ ಯಾರನ್ನೂ ಆದೇಶದ ಪ್ರತಿ ನೋಡಿ ಒಪ್ಪುವುದಿಲ್ಲ. ಹಳೆಯ ಸಾಹೇಬರು ಯಾರ ಹತ್ತಿರ ಅಭಿಪ್ರಾಯ ಕೇಳುತ್ತಾರೆ, ಯಾರ ಸಹಿಯಿಲ್ಲದೆ ಮಾಲು ಹೊರಗೆ ಬಿಡುವುದಿಲ್ಲ ಎಂದು ಫಿಟ್ಟರುಗಳು ಮೊದಲೇ ನೋಡಿಟ್ಟುಕೊಂಡಿರುತ್ತಾರೆ. ಹಿರಿಯರ ನಂಬಿಕೆ ಎಲ್ಲರ ಕಣ್ಣಿಗೆ ಬಿದ್ದಾಗಲೇ ಕಿರಿಯರ ಅಧಿಕಾರ ನಿಲ್ಲುತ್ತದೆ.

ನನ್ನ ಅನುಭವದ ಒಂದು ತುಣುಕು. ನಾನು ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಕಿರಿಯ ಇಂಜಿನಿಯರ್ ಆಗಿದ್ದಾಗ, ಹಿರಿಯರೊಬ್ಬರು ನನ್ನನ್ನು ಟೆಂಡರ್ ಸಮಿತಿಯ ಸಭೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಸದಸ್ಯೆಯಲ್ಲ. ಫೈಲು ಹೊರುವುದಷ್ಟೇ ನೆಪ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ಬಾಯಿ ಬಿಡಬಾರದು. ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಪರೀಕ್ಷೆ. ‘ಫೈನಾನ್ಸ್‌ನವರು ಯಾವ ಮಾತಿಗೆ ಸುಮ್ಮನಾದರು? ಎರಡನೇ ಕಂಪನಿಯ ದರ ಕಡಿಮೆ ಇದ್ದರೂ ಯಾಕೆ ಬಿಟ್ಟೆವು? ನೀನಾಗಿದ್ದರೆ ಏನು ಬರೆಯುತ್ತಿದ್ದೆ?’ ಅವರು ಒಂದು ದಿನವೂ ನನಗೆ ಬುದ್ಧಿ ಹೇಳಲಿಲ್ಲ. ಹೆಣ್ಣುಮಕ್ಕಳು ಮುಂದೆ ಬರಬೇಕಮ್ಮ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಮುಂದೊಮ್ಮೆ ಅವರು ರಜೆಯಲ್ಲಿದ್ದಾಗ ಟಿಪ್ಪಣಿ ನಾನೇ ಬರೆಯಬೇಕಾಗಿ ಬಂತು. ಏನೂ ಕಷ್ಟವಾಗಲಿಲ್ಲ.

ಈಗ ಇಂದಿಗೆ ಬರೋಣ. ಕೇಂದ್ರ ಸರ್ಕಾರದ ಆವರ್ತಕ ಕಾರ್ಮಿಕ ಸಮೀಕ್ಷೆಯ ಪ್ರಕಾರ ಹದಿನೈದು ದಾಟಿದ ಹೆಣ್ಣುಮಕ್ಕಳಲ್ಲಿ ದುಡಿಮೆಗೆ ಇಳಿದವರು ಅಥವಾ ಕೆಲಸ ಹುಡುಕುತ್ತಿರುವವರು 2017-18ರಲ್ಲಿ ಶೇಕಡ 23.3, 2023-24ರಲ್ಲಿ ಶೇಕಡ 41.7. ಸಂತೋಷಪಡುವ ಮೊದಲು ಒಳಗೆ ನೋಡಬೇಕು. ಈ ಏರಿಕೆಯ ದೊಡ್ಡ ಪಾಲು ಹಳ್ಳಿಗಳದು. ಸ್ವಂತ ಹೊಲ, ಮನೆಯ ಕಸುಬಿನಲ್ಲಿ ಕೈಜೋಡಿಸಿದವರು, ಅವರಲ್ಲಿ ಸಂಬಳವೇ ಇಲ್ಲದವರು ಬಹಳ. ತಿಂಗಳ ಸಂಬಳದ ನೌಕರಿಗೆ ಹೆಣ್ಣುಮಕ್ಕಳು ಬರುವುದು, ಬಂದವರು ಉಳಿಯುವುದು, ಉಳಿದವರು ಮೇಲೇರುವುದು ಬೇರೆಯದೇ ಕಥೆ. ಕಾನೂನು ತನ್ನ ಪಾಲಿನದನ್ನು ಒಂದಿಷ್ಟು ಮಾಡಿದೆ. ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ ಬಂತು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಐವತ್ತು ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕು ಎಂದಾಯಿತು. ಕೆಲವು ಬಗೆಯ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಹೆಂಗಸಾದರೂ ಇರಬೇಕೆಂಬ ನಿಯಮವೂ ಬಂತು. ಕೆಲವರು ಮನೆಯವರನ್ನೇ ಕೂರಿಸಿ ಕೈತೊಳೆದುಕೊಂಡರು, ಅದು ಬೇರೆ ಮಾತು. ಇಷ್ಟೆಲ್ಲ ಕಾನೂನು ಮಾಡುವುದು ಬಾಗಿಲಿನ ಕೆಲಸ. ಶ್ರೀನಿವಾಸಯ್ಯನವರ ಕೆಲಸವನ್ನು ಕಾನೂನಿನಿಂದ ಮಾಡಿಸಲು ಆಗುವುದಿಲ್ಲ.

26 ವಾರದ ವಿಷಯ ಬಂತಲ್ಲ, ಅದನ್ನೇ ಹಿಡಿಯುತ್ತೇನೆ. ಹೆರಿಗೆ ರಜೆ ಮುಗಿಸಿ ಬಂದ ಮೊದಲ ತಿಂಗಳು ಒಬ್ಬ ಹೆಣ್ಣುಮಗಳ ವೃತ್ತಿಯ ದಿಕ್ಕು ಬದಲಾಗುವ ಕಾಲ. ಅವಳ ಪ್ರಾಜೆಕ್ಟು ಬೇರೆಯವರ ಕೈ ಸೇರಿದೆ. ತಂಡದಲ್ಲಿ ಇಬ್ಬರು ಹೊಸಬರು. ಹೊಸ ಸಾಫ್ಟ್‌ವೇರ್ ಬಂದಿದೆ. ಅವಳಿಗೆ ‘ಸುಲಭ’ವಾದ ಕೆಲಸ ಹುಡುಕಿಟ್ಟಿರುತ್ತಾರೆ: ಡಾಕ್ಯುಮೆಂಟೇಶನ್, ಆಡಿಟ್ ಉತ್ತರ, ವಾರ್ಷಿಕೋತ್ಸವದ ಉಸ್ತುವಾರಿ. ಆ ತಿಂಗಳಲ್ಲಿ ಹಿರಿಯರೊಬ್ಬರು ಮಾಡಬೇಕಾದದ್ದು ಬಹಳ ಚಿಕ್ಕದು. ರಜೆಗೆ ಹೋಗುವ ಮೊದಲೇ, ಬಂದ ಮೇಲೆ ಯಾವ ಕೆಲಸ ಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳುವುದು. ಬಂದ ಮೇಲೆ ಅದನ್ನು ಕೊಡಿಸುವುದು. ಸಂಜೆ ಐದರ ಮೀಟಿಂಗನ್ನು ಮೂರಕ್ಕೆ ತರುವುದು. ಅವಳಿಗೆ ನಿಜಕ್ಕೂ ಹಗುರ ಕೆಲಸ ಬೇಕಿದ್ದರೆ ಅವಳೇ ಹೇಳುತ್ತಾಳೆ. ಹೇಳುವ ಅವಕಾಶ ಮೊದಲು ಕೊಡಬೇಕು.

ನಾವು ಪಕ್ಷಪಾತ ಮಾಡುವುದಿಲ್ಲ, ಯೋಗ್ಯತೆ ನೋಡುತ್ತೇವೆ ಎನ್ನುವವರಿಗಾಗಿ ಒಂದು ಪ್ರಯೋಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದು. ಪ್ರಯೋಗಾಲಯ ವ್ಯವಸ್ಥಾಪಕ ಹುದ್ದೆಗೆ ಒಂದೇ ಅರ್ಜಿಯನ್ನು ಸಿದ್ಧಪಡಿಸಿ, ಅರ್ಧದ ಮೇಲೆ ಜಾನ್ ಎಂದೂ ಉಳಿದರ್ಧದ ಮೇಲೆ ಜೆನಿಫರ್ ಎಂದೂ ಹೆಸರಿಟ್ಟು ವಿಜ್ಞಾನದ ಪ್ರಾಧ್ಯಾಪಕರಿಗೆ ಕಳಿಸಿದರು. ಜಾನ್‌ಗೆ ಕೊಡಬಹುದೆಂದು ಅವರು ಬರೆದ ವಾರ್ಷಿಕ ಸಂಬಳ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಹೀಗೆ ಬೆಲೆ ಕಟ್ಟುವುದರಲ್ಲಿ ಗಂಡು ಪ್ರಾಧ್ಯಾಪಕರು, ಹೆಣ್ಣು ಪ್ರಾಧ್ಯಾಪಕರು ಎಂಬ ವ್ಯತ್ಯಾಸ ಇರಲಿಲ್ಲ. ಸಂಬಳದ ಅಂಕಿ ಎಲ್ಲ ಕಡೆ ಸುತ್ತಾಡಿತು. ಅದೇ ಪ್ರಯೋಗದಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಈ ಅಭ್ಯರ್ಥಿಗೆ ಮಾರ್ಗದರ್ಶನ ಮಾಡಲು ನೀವು ಎಷ್ಟರಮಟ್ಟಿಗೆ ಸಿದ್ಧರಿದ್ದೀರಿ? ಅಲ್ಲಿಯೂ ಜೆನಿಫರ್ ಹಿಂದೆ ಬಿದ್ದಳು. ಸಂಬಳದ ಕೊರತೆಯನ್ನು ಪೇ ಸ್ಲಿಪ್ಪಿನಲ್ಲಿ ನೋಡಬಹುದು. ಕಲಿಸದೇ ಬಿಟ್ಟದ್ದು ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ.

ಹಾಗೆಂದು ಮೆಂಟರಿಂಗ್ ಎಂಬ ಬೋರ್ಡು ಹಾಕಿದ ಎಲ್ಲ ಕಾರ್ಯಕ್ರಮವನ್ನೂ ನಾನು ಹೊಗಳಲಾರೆ. ನಮ್ಮ ದೊಡ್ಡ ಕಂಪನಿಗಳಲ್ಲಿ ಇದು ಮಾರ್ಚ್ ತಿಂಗಳ ಹಬ್ಬ. ಜೋಡಿ ಮಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಹಿರಿಯರು ಆತ್ಮವಿಶ್ವಾಸದ ಬಗ್ಗೆ ಮಾತಾಡುತ್ತಾರೆ, ಕಪ್ ಕೇಕ್ ತಿಂದು ಎದ್ದು ಬರುತ್ತಾರೆ. 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಹರ್ಮೀನಿಯಾ ಇಬಾರಾ ಮತ್ತು ಸಂಗಡಿಗರು ಈ ರೋಗವನ್ನು ಚೆನ್ನಾಗಿ ಗುರುತಿಸಿದರು. ಹೆಣ್ಣುಮಕ್ಕಳಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಬಡ್ತಿ ಮಾತ್ರ ಗಂಡಸರಿಗೆ ಹೆಚ್ಚು. ಯಾಕೆಂದರೆ ಗಂಡಸರ ಮೆಂಟರ್‌ಗಳು ಕೋಣೆಯೊಳಗೆ ಅವರ ಹೆಸರು ಹೇಳಿ, ಅವರ ಪರ ವಾದಿಸಿ, ತಮ್ಮ ಮಾತನ್ನು ಪಣಕ್ಕಿಡುತ್ತಾರೆ. ಹೆಣ್ಣುಮಕ್ಕಳ ಮೆಂಟರ್‌ಗಳು ಅವರನ್ನು ತಿದ್ದುವುದರಲ್ಲೇ ನಿಲ್ಲುತ್ತಾರೆ. ಸೀರೆ ಅಂಗಡಿಯಲ್ಲಿ ಇಡೀ ಬೀರು ಬಿಚ್ಚಿ ತೋರಿಸಿ ಕೊನೆಗೆ ಒಂದನ್ನೂ ಮಾರದ ಹಾಗೆ.

ಆದ್ದರಿಂದ ನನ್ನ ಲೆಕ್ಕದಲ್ಲಿ ಕೆಲಸ ಇದು: ಕೈಗೆ ನಿಜವಾದ ಕೆಲಸ ಕೊಡುವುದು, ಅದು ಕೆಟ್ಟರೆ ಮೇಲಿನವರಿಗೆ ತಾನು ಉತ್ತರ ಹೇಳುವುದು, ಒಳ್ಳೆಯದಾದರೆ ಹೆಸರು ಅವಳದ್ದೇ ಎಂದು ನಾಲ್ಕು ಜನರ ಮುಂದೆ ಹೇಳುವುದು. ಮೂರನೆಯದನ್ನು ಹೇಳುವಾಗ ಅಧಿಕಾರಿಗಳ ನಾಲಿಗೆ ಯಾಕೋ ತಡವರಿಸುತ್ತದೆ. ‘ನಮ್ಮ ಟೀಮ್ ಮಾಡಿತು’ ಎನ್ನುತ್ತಾರೆ. ಟೀಮಿಗೆ ಬಡ್ತಿ ಕೊಡುವುದಿಲ್ಲ.

ಗಂಡು ಅಧಿಕಾರಿಗಳು ಖಾಸಗಿಯಾಗಿ ಹೇಳುವ ಒಂದು ಅಳುಕು ಇದೆ, ಅದನ್ನು ಸಭೆಯಲ್ಲೇ ಎತ್ತುತ್ತೇನೆ. ‘ಮೇಡಂ, ಕಾಲ ಸರಿಯಿಲ್ಲ. ಹುಡುಗಿಯನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರೆ ಜನ ಏನಂದಾರು? ನಾಳೆ ದೂರು ಬಂದರೆ?’ ಈ ಅಳುಕು ಇಲ್ಲಿಯದಷ್ಟೇ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಶೇಕಡ 60ರಷ್ಟು ಗಂಡು ಮ್ಯಾನೇಜರುಗಳು ಹೆಣ್ಣು ಸಹೋದ್ಯೋಗಿಗೆ ಮಾರ್ಗದರ್ಶನ ಮಾಡುವುದೋ ಇಬ್ಬರೇ ಇದ್ದು ಕೆಲಸ ಮಾಡುವುದೋ ತಮಗೆ ಮುಜುಗರ ಎಂದಿದ್ದರು. 1940ರ ದಶಕದ ಆ ಪ್ರಯೋಗಾಲಯದ ನಿಯಮ ಹೊಸ ಬಟ್ಟೆ ತೊಟ್ಟು ಮರಳಿದೆ ಎಂದು ನನಗನ್ನಿಸುತ್ತದೆ. ಆಗ ‘ವಾತಾವರಣ ಕೆಡುತ್ತದೆ’ ಎಂದರು, ಈಗ ‘ರಿಸ್ಕ್’ ಎನ್ನುತ್ತಾರೆ. ಮಾತಿನಿಂದ ಹೊರಗುಳಿಯುವವಳು ಎರಡೂ ಸಲ ಅವಳೇ. ಇದಕ್ಕೆ ಮದ್ದು ಕಷ್ಟದ್ದಲ್ಲ. ಗಂಡು ಕಿರಿಯನೊಂದಿಗೆ ಎಲ್ಲಿ ಮಾತಾಡುತ್ತೀರೋ ಹೆಣ್ಣು ಕಿರಿಯಳೊಂದಿಗೂ ಅಲ್ಲೇ ಮಾತಾಡಿ. ಅದು ಬಾರ್ ಆಗಿದ್ದರೆ ಇಬ್ಬರನ್ನೂ ಕ್ಯಾಂಟೀನಿಗೆ ಕರೆತನ್ನಿ. ಹಗಲು ಹೊತ್ತು, ಗಾಜಿನ ಕೋಣೆ, ಮುಂದೆ ಒಂದು ಫೈಲು. ಕೆಲಸದ ಬಗ್ಗೆ ಮಾತಾಡುವವರಿಗೆ 2013ರ ಕಾಯ್ದೆಯ ಭಯ ಯಾಕೆ ಬೇಕೆಂದು ನನಗೆ ಅರ್ಥವಾಗಿಲ್ಲ.

‘ಹೆಣ್ಣುಮಕ್ಕಳಿಗೆ ಹೆಂಗಸರೇ ಕಲಿಸಲಿ’ ಎನ್ನುವವರೂ ಇದ್ದಾರೆ. ಮೇಲಿನ ಹಂತದಲ್ಲಿ ಇರುವ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಾದ ಕಡೆ, ಕೆಳಗಿನ ಎಲ್ಲರನ್ನೂ ಅವರ ಹೆಗಲಿಗೆ ಹಾಕಿದರೆ ಅವರ ಸ್ವಂತ ಕೆಲಸ ಕೆಡುತ್ತದೆ. ಹೆಂಗಸರೂ ಕಲಿಸಬೇಕು, ಅದಕ್ಕೆ ನಮ್ಮೂರಿನಲ್ಲೇ ಮಾದರಿ ಇದೆ. ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದವರು, ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆ, ಸೆಂಟ್ರಲ್ ಕಾಲೇಜುಗಳಲ್ಲಿ ಗಣಿತ ಓದಿ 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಮುಂದೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಗೌಲ್ಡ್ ಡೋ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನೆ. ಅದಕ್ಕೆ ನೆರವಾದದ್ದು ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರನ್ನು ಅದೇ ವಿಶ್ವವಿದ್ಯಾಲಯಕ್ಕೆ ಕರೆದೊಯ್ದದ್ದೂ ಅದೇ ನಿಧಿ. ದತ್ತಿ ಇಡುವವರು ಇದನ್ನು ನೆನಪಿಟ್ಟುಕೊಳ್ಳಿ ಎಂದು ಇಲ್ಲಿ ಹೇಳುವುದು ತಪ್ಪಾಗಲಾರದು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬಂದ ರಾಜೇಶ್ವರಿ ತಾವು ವಿದ್ಯಾರ್ಥಿನಿಯಾಗಿದ್ದ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಕೈಕೆಳಗೆ ಇಪ್ಪತ್ತು ಮಂದಿ ಪಿಎಚ್.ಡಿ. ಮಾಡಿದ್ದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರ ಹೆಸರು ಹೇಳುವಾಗ ಆ ಇಪ್ಪತ್ತನ್ನು ಸೇರಿಸಿ ಹೇಳಬೇಕು.

‘ಕಲಿಸುತ್ತೇವೆ, ಮದುವೆಯಾಗಿ ಹೋಗಿಬಿಡುತ್ತಾರೆ’ ಎಂಬ ಮಾತಿಗೆ ಉತ್ತರ ಚಿಕ್ಕದು. ಗಂಡುಮಕ್ಕಳು ನೋಟಿಸ್ ಅವಧಿ ಮುಗಿಸಿ ಎದುರಿನ ಕಂಪನಿಗೆ ಹೋಗುತ್ತಾರೆ. ಅದನ್ನು ಯಾರೂ ವ್ಯರ್ಥ ಎನ್ನುವುದಿಲ್ಲ, ಅಟ್ರಿಷನ್ ಎನ್ನುತ್ತಾರೆ.

ಇಷ್ಟು ಹೊತ್ತು ವಿಜ್ಞಾನಿಗಳು, ಇಂಜಿನಿಯರುಗಳ ಮಾತಾಯಿತು. ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು ಹೆಚ್ಚಾಗಿ ಹೆಂಗಸರು. ಸಾಲಿನ ಕೊನೆಯಲ್ಲಿ ನಿಂತು ಪೀಸ್ ಎಣಿಸುವ ಸೂಪರ್‌ವೈಸರ್ ಹೆಚ್ಚಾಗಿ ಗಂಡಸು. ಹತ್ತು ವರ್ಷ ಕಾಲರ್ ಹೊಲಿದವಳಿಗೆ ಸಾಲಿನ ಲಯ ಅವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವಳಿಗೆ ತಿಳಿಯದ್ದು ಟಾರ್ಗೆಟ್ ಶೀಟು ತುಂಬುವುದು, ಯಾವ ಆಪರೇಟರನ್ನು ಯಾವ ಯಂತ್ರಕ್ಕೆ ಹಾಕಬೇಕೆಂಬ ಲೆಕ್ಕ, ಮ್ಯಾನೇಜರ್ ಎದುರು ಅದನ್ನು ಸಮರ್ಥಿಸುವುದು. ಮನಸ್ಸಿದ್ದ ಫ್ಲೋರ್ ಇನ್‌ಚಾರ್ಜ್ ಇದನ್ನು ಕೆಲವು ವಾರಗಳಲ್ಲಿ ಕಲಿಸಬಲ್ಲ. ವಕೀಲರ ಕಚೇರಿಗಳಲ್ಲಿ ಹೆಣ್ಣು ಜೂನಿಯರ್‌ಗೆ ಕರಡು ಬರೆಯುವುದು, ಮುದ್ದತು ಕೇಳುವುದು ಧಾರಾಳವಾಗಿ ಸಿಗುತ್ತದೆ, ಪಾಟಿ ಸವಾಲು ಮಾತ್ರ ಸೀನಿಯರ್ ಕೈಬಿಡುವುದಿಲ್ಲ. ಸಣ್ಣ ಕೇಸೊಂದರಲ್ಲಿ ಸಾಕ್ಷಿಯನ್ನು ಅವಳಿಗೆ ಒಪ್ಪಿಸಿ ಹಿಂದಿನ ಕುರ್ಚಿಯಲ್ಲಿ ಕೂತರೆ ಕಕ್ಷಿದಾರನ ಕಣ್ಣಲ್ಲೂ ಅವಳು ವಕೀಲೆಯಾಗುತ್ತಾಳೆ.

ಪಂಚಾಯಿತಿಯ ಮಾತನ್ನೂ ಸೇರಿಸುತ್ತೇನೆ. ಕರ್ನಾಟಕ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಸ್ಥಾನ ಮೀಸಲಿಟ್ಟಿತು, ಸಂವಿಧಾನದ 73ನೇ ತಿದ್ದುಪಡಿಗಿಂತ ಹತ್ತು ವರ್ಷ ಮೊದಲು. 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಹೊಸದಾಗಿ ಗೆದ್ದ ಅಧ್ಯಕ್ಷೆಗೆ ಮೊದಲ ಮೇಷ್ಟ್ರು ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸುವ ಪಿಡಿಒ ಒಬ್ಬರು, ಈ ಬಿಲ್ಲಿಗೆ ಸಹಿ ಹಾಕುವ ಮೊದಲು ಅಳತೆ ಪುಸ್ತಕ ಕೇಳಿ ಎನ್ನುವ ಪಿಡಿಒ ಇನ್ನೊಬ್ಬರು. ಎರಡನೆಯವರ ಊರಲ್ಲಿ ಅಧ್ಯಕ್ಷೆಯ ಗಂಡ ಸಭೆಗೆ ಬರುವುದು ತಾನಾಗಿಯೇ ಕಡಿಮೆಯಾಗುತ್ತದೆ.

ನನಗೇನು ಲಾಭ ಎಂದು ಕೇಳುವವರಿಗೆ ನಾನು ಭಾಷಣ ಮಾಡುವುದಿಲ್ಲ. ನಿವೃತ್ತಿಯ ನಂತರ ಫೋನು ಮಾಡಿ ಕೆಲಸದ ಬಗ್ಗೆ ಅಭಿಪ್ರಾಯ ಕೇಳುವವರು ಯಾರು ಎಂದು ನನ್ನ ಸರೀಕರನ್ನು ವಿಚಾರಿಸಿ ನೋಡಿ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ತರಬೇತಿಗೆ ಯಾರನ್ನು ಕಳಿಸೋಣ, ಸಮಿತಿಗೆ ಯಾರನ್ನು ಹಾಕೋಣ, ಭಾಷಣಕ್ಕೆ ಯಾರನ್ನು ಕರೆಯೋಣ ಎಂದು ನಿಮ್ಮನ್ನು ಆಗಾಗ ಕೇಳುತ್ತಿರುತ್ತಾರೆ. ತಟ್ಟನೆ ಹೊಳೆಯುವ ಹೆಸರು ನಿಮ್ಮ ಜೊತೆ ಟೀ ಕುಡಿಯುವವರದ್ದು. ಅದನ್ನು ಬರೆಯುವ ಮೊದಲು ಅರ್ಧ ನಿಮಿಷ ತಡೆದು, ನಿಮ್ಮ ಜೊತೆ ಟೀ ಕುಡಿಯದವರಲ್ಲಿ ಈ ಕೆಲಸ ಬಲ್ಲವರು ಯಾರು ಎಂದು ಯೋಚಿಸಿ. ಮುಂದಿನ ವರ್ಷದ ಈ ದತ್ತಿ ಉಪನ್ಯಾಸಕ್ಕೆ ಯಾರನ್ನು ಕರೆಯಬಹುದೆಂದು ಸಂಘಟಕರು ನನ್ನನ್ನು ಕೇಳಿದ್ದರು. ಮೂರು ಹೆಸರು ಬರೆದುಕೊಟ್ಟಿದ್ದೇನೆ. ಮೂವರೂ ಹೆಣ್ಣುಮಕ್ಕಳು, ಇನ್ನೂ ನಲವತ್ತು ದಾಟದವರು, ತಂತಮ್ಮ ಕೆಲಸದಲ್ಲಿ ಗಟ್ಟಿಗರು. ಇಂಥ ವೇದಿಕೆ ಹತ್ತಿ ಅವರಿಗೆ ರೂಢಿಯಿಲ್ಲ. ಭಾಷಣ ಕೆಟ್ಟರೆ ಬೈಗುಳ ನನಗೆ ಬರಲಿ ಎಂದು ಅದೇ ಚೀಟಿಯ ಕೆಳಗೆ ಬರೆದಿದ್ದೇನೆ.

ಪ್ರಶ್ನೆಗಳಿದ್ದರೆ ಕೇಳಿ.